ಚಿಲಕವಿದ್ದರೆ ಮಾತ್ರ ನೀರು

“ಎತ್ತು ಕಟ್ಟುದ್ರಾ?”

ಕಾರಿನ ಹಿಂದಿನ ಸೀಟಿನಿಂದ ನಮ್ಮತ್ತೆ ಕೇಳಿದರು. ನಾವಿದ್ದದ್ದು ಮೈಸೂರು ರಸ್ತೆಯಲ್ಲಿ, ಕೆಂಗೇರಿಯ ಹತ್ತಿರ, ಟ್ರಾಫಿಕ್ ಜಾಮಿನ ನಟ್ಟನಡುವೆ. ಮುಂದೆ ಬಸ್ಸು, ಹಿಂದೆ ಬಸ್ಸು. ಎತ್ತು ಎಲ್ಲಿಂದ ಬರಬೇಕು?

ನನಗೆ ನಗು ಬಂತು. ಈಗ ಬೆಂಗಳೂರಿನೊಳಗೇ ಸೇರಿಹೋಗಿರುವ ಕುರುಬರಹಳ್ಳಿ ನಿಜಕ್ಕೂ ಹಳ್ಳಿಯಾಗಿದ್ದು, ಅಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಹುಟ್ಟಿದವರು ಅವರು. ನಿದ್ದೆಯಲ್ಲಿ ತವರಿನ ಹೊಲಕ್ಕೆ ಹೋಗಿಬಂದಿರಬೇಕು ಅಂದುಕೊಂಡು ತಿರುಗಿ ನೋಡಿದೆ. ಕಣ್ಣು ತೆರೆದೇ ಇತ್ತು. ತುಟಿ ಒಣಗಿ ಬಿರಿದಿತ್ತು. ನನ್ನ ನಗು ಅಲ್ಲೇ ನಿಂತುಹೋಯಿತು.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಶುಕ್ರವಾರ ಸರ್ಕಾರಿ ರಜೆ. ಶನಿವಾರ, ಭಾನುವಾರ ಹೇಗೂ ಇದ್ದದ್ದೇ. ಬೇಸಿಗೆಯಲ್ಲಿ ಇಂಥ ಲಾಂಗ್ ವೀಕೆಂಡ್ ಸಿಕ್ಕರೆ ಬೆಂಗಳೂರಿನವರು ಮನೆಯಲ್ಲಿ ಕೂರುತ್ತಾರೆಯೇ? (ಕೂತರೆ ಹುಷಾರಿಲ್ಲವಾ ಅಂತ ಪಕ್ಕದ ಮನೆಯವರು ವಿಚಾರಿಸುತ್ತಾರೆ.) ಮದ್ದೂರಿನ ಹತ್ತಿರ ಅತ್ತೆಯ ತಂಗಿಯ ಮನೆ. ಅಕ್ಕತಂಗಿ ಮುಖಾಮುಖಿ ಕೂತು ಮಾತಾಡಿ ವರ್ಷದ ಮೇಲಾಗಿತ್ತು. ಹೋಗಿಬರೋಣ ಎಂದು ನಾನೇ ಹೊರಡಿಸಿದೆ.

ನಾನು ತಯಾರಿಗೆ ನಿಂತರೆ ಹೇಗೆ ಅಂತ ನಿಮಗೆ ಗೊತ್ತೇ ಇದೆ. ಅತ್ತೆಗೆ ತೆಳ್ಳನೆಯ ಕಾಟನ್ ಸೀರೆ, ಕೊಡೆ, ಮಾತ್ರೆ ಡಬ್ಬಿ, ದೊಡ್ಡ ಬಾಟಲಿಗಳಲ್ಲಿ ನೀರು, ಫ್ಲಾಸ್ಕಿನಲ್ಲಿ ಮಜ್ಜಿಗೆ, ಓಆರ್‌ಎಸ್ ಪ್ಯಾಕೆಟ್ಟು. ಬಿಸಿಲು ಬೀಳುವ ಕಡೆಯ ಕಿಟಕಿಗೆ ಹಳೇ ಟವೆಲ್ಲಿನ ಪರದೆ ಬೇರೆ.

“ಮದ್ದೂರಿಗೆ ಕಣೇ ಹೋಗ್ತಿರೋದು, ಮರುಭೂಮಿಗಲ್ಲ” ಅಂದರು ನಮ್ಮನೆಯವರು. ವಯಸ್ಸಾದವರನ್ನು ಸೆಕೆಯಲ್ಲಿ ಕರೆದೊಯ್ಯುವುದು ಹೇಗೆ ಅಂತ ನಾನೇ ಈ ಅಂಕಣದಲ್ಲಿ ಬರೆಯಬಹುದು ಅನ್ನುವ ಠೇಂಕಾರದಲ್ಲಿದ್ದೆ.

ಬಿಸಿಲೇರುವ ಮೊದಲೇ ವಿಜಯನಗರ ಬಿಡಬೇಕಿತ್ತು. ಹೊರಟಾಗ ಬಿಸಿಲೇರಿತ್ತು. ದೀಪಾಂಜಲಿ ನಗರದ ಹತ್ತಿರ ಮೈಸೂರು ರಸ್ತೆ ಸೇರಿದ್ದೇ ತಡ, ಅರ್ಧ ಬೆಂಗಳೂರು ನಮಗಿಂತ ಮೊದಲೇ ಬಂದು ನಿಂತಿದೆ! ಕಾರು ತೆವಳಿತು, ನಿಂತಿತು, ಮತ್ತೆ ತೆವಳಿತು. ಎಂಜಿನ್ ಬಿಸಿಯಾಗುತ್ತಿದೆ ಅಂತ ನಮ್ಮನೆಯವರು ಎಸಿಯನ್ನೂ ಆರಿಸಿದರು.

“ಅತ್ತೆ, ನೀರು ಕುಡೀರಿ.”

“ಬ್ಯಾಡ ಕಣವ್ವ. ಬಾಯಾರಿಲ್ಲ.”

“ಮಜ್ಜಿಗೆ?”

“ಈಗ್ತಾನೆ ತಿಂಡಿ ತಿಂದಿವ್ನಿ. ಸುಮ್ಕಿರು.”

ಬಾಟಲಿ ಹಿಂದಕ್ಕೆ ಹೋಗುವುದು, ಹಾಗೇ ಮುಂದಕ್ಕೆ ಬರುವುದು. ನನಗೆ ಸಿಟ್ಟು. ಇಷ್ಟೆಲ್ಲ ಹೊತ್ತು ತಂದಿರುವುದು ಯಾರಿಗೆ? ಹಠ ಅಂದರೆ ಹಠ ಅಂತ ಗೊಣಗಿಕೊಂಡು ಮೊಬೈಲ್ ನೋಡುತ್ತಾ ಕೂತೆ. ಎತ್ತಿನ ಮಾತು ಬಂದದ್ದು ಆಗ.

“ಅತ್ತೆ, ನಾನ್ಯಾರು ಹೇಳಿ?” ಅಂದೆ. ಅವರು ನನ್ನನ್ನು ನೋಡಿದರು. ತಂಗಿಯ ಹೆಸರು ಹೇಳಿದರು. ಕೈ ಮುಟ್ಟಿದರೆ ಚರ್ಮ ಒಣಗಿ ಬಿಸಿಯಾಗಿತ್ತು.

“ಕಾರು ಪಕ್ಕಕ್ಕೆ ತಗೊಳ್ಳಿ” ಅಂತ ಕೂಗಿದೆ. ನಮ್ಮನೆಯವರು ಎಡಕ್ಕೆ ಸಿಕ್ಕ ಮೊದಲ ಕ್ರಾಸಿಗೆ ಕಾರು ನುಗ್ಗಿಸಿದರು. ಅಲ್ಲೊಂದು ಮನೆ. ಗೇಟಿನ ಬಳಿ ಹೊಂಗೆ ಮರದ ನೆರಳು. ಒಬ್ಬಾಕೆ ನೈಟಿಯ ಮೇಲೆ ಟವೆಲ್ ಹೊದ್ದು, ತಲೆತುಂಬಾ ಎಣ್ಣೆ ಹಚ್ಚಿಕೊಂಡು ನಿಂತಿದ್ದರು. ರಜೆಯ ದಿನದ ಎಣ್ಣೆಸ್ನಾನದ ತಯಾರಿ. ಅತ್ತೆಯನ್ನು ಇಳಿಸುತ್ತಿದ್ದ ನಮ್ಮನ್ನು ನೋಡಿ ಅವರು ಯಾರು, ಏನು ಅಂತ ಕೇಳಲೇ ಇಲ್ಲ.

“ಮದ್ಲ ಒಳಗ ಕರಕೊಂಡ ಬರ್ರಿ. ಮಾತು ಆಮ್ಯಾಲ.”

ಧಾರವಾಡದ ಕಡೆಯವರು, ಹೆಸರು ಗಿರಿಜಾ, ಬ್ಯಾಂಕಿನಲ್ಲಿ ಕೆಲಸ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ದಿವಾನದ ಮೇಲೆ ಅತ್ತೆಯನ್ನು ಒರಗಿಸಿದರು. ಫ್ಯಾನ್ ಜೋರು ಮಾಡಿದರು. ಒದ್ದೆ ಬಟ್ಟೆಯಲ್ಲಿ ಕತ್ತು, ಕಂಕುಳು, ಕಾಲು ಒರೆಸಿದರು. ಅತ್ತೆಗೆ ಸ್ವಲ್ಪ ಗೆಲುವು ಬಂತು. “ಇದ್ಯಾರ್ ಮನೆ?” ಅಂದರು. ಓಆರ್‌ಎಸ್ ಕಲಸಿದ ಲೋಟ ಹಿಡಿದೆ. ತುಟಿ ಬಿಗಿಹಿಡಿದು ಮುಖ ತಿರುಗಿಸಿದರು. ಆ ಸ್ಥಿತಿಯಲ್ಲೂ!

“ಅತ್ತೆ, ಕೈ ಮುಗೀತೀನಿ, ಕುಡೀರಿ” ಅಂದೆ. ಅಳು ಬಂದೇಬಿಟ್ಟಿತ್ತು.

ಗಿರಿಜಾ ನನ್ನ ಕೈಯಿಂದ ಲೋಟ ತೆಗೆದುಕೊಂಡರು. ನಮ್ಮನೆಯವರ ಕಡೆ ತಿರುಗಿ, “ಅಣ್ಣಾರ, ನೀವು ಒಂದೀಟ ಹೊರಗ ನಿಂದರ್ರಿ” ಅಂದರು. ಅವರು ಹೋದ ಮೇಲೆ ಅತ್ತೆಯ ಕಿವಿಯ ಹತ್ತಿರ ಬಗ್ಗಿದರು.

“ಅಮ್ಮಾರ, ಬಾತ್‌ರೂಮ್ ಇಲ್ಲೇ ಬಾಜೂಕ ಐತ್ರಿ. ಒಳಗ ಚಿಲಕಾ ಐತಿ. ಬಾಗಲದಾಗ ನಾನ ನಿಂದರ್ತೀನಿ. ಕುಡೀರಿ.”

ಅತ್ತೆ ಒಮ್ಮೆ ಬಾತ್‌ರೂಮಿನ ಬಾಗಿಲನ್ನು ನೋಡಿದರು. ಆಮೇಲೆ ಲೋಟಕ್ಕೆ ಬಾಯಿಟ್ಟರು. ಗುಟುಕು ಗುಟುಕಾಗಿ ಪೂರ್ತಿ ಕುಡಿದರು.

ಗಿರಿಜಾ ಅಷ್ಟಕ್ಕೇ ಬಿಡಲಿಲ್ಲ. ಮಾತು ಎಲ್ಲೆಲ್ಲೋ ಹೋಗಿತ್ತು ಅಂದಮೇಲೆ ಡಾಕ್ಟರಿಗೆ ತೋರಿಸಲೇಬೇಕು ಅಂತ ಅದೇ ಎಣ್ಣೆ ತಲೆಯಲ್ಲಿ ನಮ್ಮ ಕಾರು ಹತ್ತಿ, ದಾರಿ ತೋರಿಸಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಬಂದರು. ಅಲ್ಲಿ ಅತ್ತೆಗೆ ಡ್ರಿಪ್ ಹಾಕಿದರು. “ಬಿಪಿಗೆ ತಗೊಳ್ತಿರೋ ಮಾತ್ರೆ ಮೈಯಲ್ಲಿರೋ ನೀರು ಹೊರಗೆ ಕಳಿಸುತ್ತೆ. ಮೇಲಿಂದ ಈ ಸೆಕೆ, ಇವರು ನೀರೂ ಬಿಟ್ಟಿದ್ದಾರೆ. ಇನ್ನೂ ತಡ ಮಾಡಿದ್ರೆ ಕಷ್ಟ ಇತ್ತು” ಅಂದರು ಡಾಕ್ಟರು. ಹಾಗಂತ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಪ್ರಯಾಣಕ್ಕೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ ಅಂತ ಒತ್ತಿ ಹೇಳಿದರು.

ಮಂಚದ ಪಕ್ಕ ಕೂತು ಅತ್ತೆಯನ್ನು ಮೆಲ್ಲಗೆ ಕೇಳಿದೆ. ಹಿಂದಿನ ಸಂಜೆಯಿಂದಲೇ ಅವರು ನೀರು ಬಿಟ್ಟಿದ್ದರಂತೆ.

“ದಾರೀಲ್ ಬಂದ್ಬುಟ್ರೆ ಏನ್ ಮಾಡ್ಲವ್ವ? ಗಾಡಿ ನಿಲ್ಸು ಅಂತ ಮಗನ್ ಕುಟ್ಟೆ ಯೆಂಗ್ ಯೋಳದು?”

ಪಕ್ಕದಲ್ಲಿದ್ದ ಗಿರಿಜಾ ನಕ್ಕರು. “ನಮ್ಮವ್ವಾನೂ ಹಿಂಗ ರೀ. ಅವ್ವ ಏನು, ನಾನೂ ಅಷ್ಟ. ಊರಿಗೆ ಬಸ್ ಹತ್ತೂದಿದ್ರ ಮಧ್ಯಾಹ್ನದಿಂದ ಚಹಾ ಸೈತ ಬಂದ್.”

ಕಾಲೇಜಿನ ಟೂರುಗಳಲ್ಲಿ ನಾನೂ ನೀರು ಮುಟ್ಟುತ್ತಿರಲಿಲ್ಲ. ನಮ್ಮಲ್ಲಿ ಯಾವ ಹೆಣ್ಣುಮಗಳು ಮುಟ್ಟುತ್ತಾಳೆ? ಈಗ ಕಾಲ ಬದಲಾಗಿದೆ, ಹೆದ್ದಾರಿ ತುಂಬಾ ಹೋಟೆಲ್ಲುಗಳಿವೆ ಅನ್ನುತ್ತೀರಾ? ಆ ಹೋಟೆಲ್ಲಿನ ಹಿಂಬದಿಯ ಒದ್ದೆ ನೆಲದ ಮೇಲೆ, ಮಂಡಿನೋವಿನ ಅತ್ತೆಯನ್ನು ಒಮ್ಮೆ ನಡೆಸಿ ನೋಡಿ. ಹಿಡಿದುಕೊಳ್ಳಲು ಗೋಡೆಯಲ್ಲಿ ಕಂಬಿ ಇಲ್ಲ. ಬಾಗಿಲು ಇದ್ದರೆ ಚಿಲಕ ಇಲ್ಲ. ಹೊರಗೆ ಲೈನು. ಇಷ್ಟೆಲ್ಲ ಪಡಿಪಾಟಲಿಗಿಂತ ಬಾಯಾರಿಕೆಯೇ ವಾಸಿ ಅಂತ ಅವರು ತೀರ್ಮಾನ ಮಾಡಿರುತ್ತಾರೆ. ನಾವು ಅದಕ್ಕೆ ಹಠ ಅಂತ ಹೆಸರಿಟ್ಟಿರುತ್ತೇವೆ.

ಸಂಜೆ ಮನೆಗೆ ಹೊರಟೆವು. ಗಿರಿಜಾ ಅವರ ಕೈ ಹಿಡಿದು ಏನೇನೋ ಹೇಳಬೇಕು ಅಂದುಕೊಂಡೆ. ಎರಡು ಪುಟ ಬರೆಯುವವಳಿಗೆ ಎರಡು ಮಾತು ಬರಲಿಲ್ಲ. ಅತ್ತೆಯೇ ಅವರ ಎಣ್ಣೆ ತಲೆ ಸವರಿ, “ಓಗಿ ನೀರ್ ಉಯ್ಕೊ ಮಗ, ನನ್ನಿಂದ ಒತ್ತಾಯ್ತು” ಅಂದರು. ಈ ವಾರದ ಬರಹ ಗಿರಿಜಾ ಅವರಿಗೆ. ನೀವು ಆ ಗೇಟಿನಲ್ಲಿ ನಿಂತಿರದಿದ್ದರೆ ನಾನು ಇವತ್ತು ಬೇರೆ ಏನೋ ಬರೆಯುತ್ತಿದ್ದೆ, ಇಲ್ಲ ಏನೂ ಬರೆಯುತ್ತಿರಲಿಲ್ಲ.

ಭಾನುವಾರ ಮದ್ದೂರಿನಿಂದ ಚಿಕ್ಕತ್ತೆಯೇ ಬಸ್ಸಿನಲ್ಲಿ ಬಂದಿಳಿದರು. ಅಕ್ಕನನ್ನು ನೋಡದೆ ಇರಲಾಗಲಿಲ್ಲವಂತೆ. ಮುಖ ಬಾಡಿತ್ತು, ತುಟಿ ಒಣಗಿತ್ತು. ನೀರು ಕೊಡಲಾ ಅಂದೆ.

“ಬ್ಯಾಡ ಕಣವ್ವ. ಬಾಯಾರಿಲ್ಲ.”

ನಾನು ಒತ್ತಾಯ ಮಾಡಲಿಲ್ಲ. ಬಾತ್‌ರೂಮಿನ ಲೈಟ್ ಹಾಕಿ, ಬಾಗಿಲು ತೆರೆದು ತೋರಿಸಿದೆ. ಅವರು ಹೋಗಿಬಂದರು. ಬಂದವರೇ ಚೊಂಬು ಎತ್ತಿ ಗಟಗಟ ಕುಡಿದರು. ಮಂಚದ ಮೇಲಿದ್ದ ಅತ್ತೆ ನನ್ನನ್ನು ನೋಡಿ ನಕ್ಕರು.

ಮುಂದಿನ ರಜೆಗೆ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಮನೆಯ ಅಜ್ಜಿಗೆ ಎಲ್ಲರೂ ಹೇಳಿರುತ್ತೀರಿ. ದಾರಿಯಲ್ಲಿ ಎಲ್ಲಿ ನಿಲ್ಲಿಸುತ್ತೀವಿ ಅಂತ ಯಾರಾದರೂ ಹೇಳಿದ್ದೀರಾ?