ಪ್ಲಾಸ್ಟರ್ ಬಿಚ್ಚುವ ದಿನದ ಸ್ನಾನ

ಮೇ ಹನ್ನೆರಡು, ಬೆಳಿಗ್ಗೆ ಏಳೂವರೆ.

ನರಿಮೊಗರಿನಲ್ಲಿ ನಮ್ಮ ಪಕ್ಕದ ಮನೆಗೆ ಹೊಸ ಸೀಲಿಂಗ್ ಹಾಕುತ್ತಿದ್ದಾರೆ. ಒದ್ದೆ ಪ್ಲಾಸ್ಟರಿನ ವಾಸನೆ ಕಿಟಕಿಯಿಂದ ಬಂತು. ನಿಮಗದು ಕಟ್ಟಡದ ವಾಸನೆ ಇರಬಹುದು. ನನಗೆ ಎಳೆಮಗುವಿನ ವಾಸನೆ.

ಅಕ್ಕನ ಮಗಳು ಸಾನ್ವಿ ಹುಟ್ಟಿದಾಗ ಅವಳ ಬಲಪಾದ ಒಳಕ್ಕೆ ತಿರುಚಿಕೊಂಡಿತ್ತು. ಪುತ್ತೂರಿನ ಡಾಕ್ಟರು ಧೈರ್ಯ ಹೇಳಿದರು. ವಾರಕ್ಕೊಮ್ಮೆ ಪಾದವನ್ನು ಮೆತ್ತಗೆ ಸ್ವಲ್ಪವೇ ತಿರುಗಿಸಿ ತೊಡೆಯವರೆಗೆ ಪ್ಲಾಸ್ಟರ್, ಮುಂದಿನ ವಾರ ಬಿಚ್ಚಿ ಇನ್ನಷ್ಟು. ತಪ್ಪದೆ ಬಂದರೆ ಮಗು ಎಲ್ಲರಂತೆ ನಡೆಯುತ್ತದೆ. ಲೆಕ್ಕ ಇಡುವ ಚಟದ ಚಿಕ್ಕಮ್ಮನಾದ ನನಗೂ ಕೆಲಸ ಸಿಕ್ಕಿತು: ಪ್ಲಾಸ್ಟರಿನಿಂದ ಇಣುಕುವ ಬೆರಳುಗಳನ್ನು ಒತ್ತಿ ಬಿಟ್ಟು, ರಕ್ತ ಓಡಿ ಕೆಂಪು ಮರಳುತ್ತದೆಯೇ ಎಂದು ನೋಡಿ ಬರೆದಿಡುವುದು. ಹೇಳಿದ್ದಕ್ಕಿಂತ ಹೆಚ್ಚೇ ಬರೆದೆ. ಮಲಗಿದ ಮಗುವನ್ನು ಎಬ್ಬಿಸಿದ್ದಕ್ಕೆ ಅಕ್ಕ ಬೈದದ್ದನ್ನು ಮಾತ್ರ ಬರೆಯಲಿಲ್ಲ.

ಡಾಕ್ಟರು ಪ್ರತಿ ಸಲ ಪಾದದ ಮಡಿಕೆ, ಹಿಮ್ಮಡಿ, ಬಾಗು ನೋಡಿ ಅಂಕ ಕೊಡುತ್ತಿದ್ದರು. ಅಂಕ ಇಳಿದರೆ ಗೆಲುವು. ನಮ್ಮ ವಂಶದಲ್ಲಿ ಕಡಿಮೆ ಅಂಕಕ್ಕೆ ಪಾಯಸ ಮಾಡಿದ್ದು ಅದೇ ಮೊದಲು. ಆದರೆ ಮೂರನೆಯ ವಾರ ಅಂಕ ಏರಿಬಿಟ್ಟಿತು. ಅಕ್ಕ ಕುರ್ಚಿ ಹುಡುಕಿ ಕೂತಳು.

"ಪ್ಲಾಸ್ಟರ್ ಯಾವಾಗ ಬಿಚ್ಚಿದ್ದು?" ಡಾಕ್ಟರು ಕೇಳಿದರು.

"ನಿನ್ನೆ ಸಂಜೆ, ನೆನೆಸಿ ಬಿಚ್ಚಿದೆ," ಎಂದರು ನಮ್ಮ ಅಜ್ಜಿ. "ವಾರದಿಂದ ಮಗು ಮಿಂದಿರ್ಲಿಲ್ಲ ಮಾರಾಯ್ರೆ. ಎಣ್ಣೆ ಹಾಕಿ ಮೀಯಿಸದೆ ನಿಮ್ಮ ಮುಂದೆ ತರುದು ಹೇಗೆ?"

"ಒಂದು ರಾತ್ರಿ ಸಾಕು ಅಜ್ಜಿ, ಪಾದ ಪುನಃ ಒಳಗೆ ತಿರುಗ್ಲಿಕ್ಕೆ. ಇನ್ನು ಇಲ್ಲೇ ಬಿಚ್ಚುದು, ಕೂಡಲೇ ಹೊಸತು ಹಾಕುದು."

"ಹಾಗಾದ್ರೆ ಮೀಯಿಸುದು ಎಲ್ಲಿ?"

"ಹಿಂದೆ ಬಚ್ಚಲು ಉಂಟು," ಎಂದು ಡಾಕ್ಟರು ನಕ್ಕರು.

ಅವರು ತಮಾಷೆಗೆ ಹೇಳಿದ್ದೋ ಏನೋ. ಮುಂದಿನ ವಾರ ಅಜ್ಜಿ ಎರಡು ಫ್ಲಾಸ್ಕ್ ಬಿಸಿನೀರು, ತೆಂಗಿನೆಣ್ಣೆ, ಹೆಸರುಹಿಟ್ಟು ಹೊತ್ತು ಬಸ್ಸು ಹತ್ತಿದರು. ಪ್ಲಾಸ್ಟರ್ ಬಿಚ್ಚಿದ ಕೂಡಲೇ ಆಸ್ಪತ್ರೆಯ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದರು. ನರ್ಸಮ್ಮ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಕಡಬ ಕಡೆಯ ಬ್ಯಾರಿ ಮುಸ್ಲಿಂ ಹೆಂಗಸೊಬ್ಬಳು ತನ್ನ ಮಗನನ್ನೂ ಇದೇ ಚಿಕಿತ್ಸೆಗೆ ತಂದಿದ್ದಳು. ಅವಳು ಸಂಕೋಚದಿಂದ ಇಣುಕಿ, "ಅಜ್ಜೀ, ಇವನನ್ನೂ ಒಮ್ಮೆ..." ಎಂದಳು.

"ತಾ ಇಲ್ಲಿ. ಕೇಳ್ಲಿಕ್ಕೆ ಎಂತ ಉಂಟು? ನನ್ನ ಕಾಲಿಗೆ ಯಾರೂ ಪ್ಲಾಸ್ಟರ್ ಹಾಕ್ಲಿಲ್ಲ."

ಆ ದಿನ ಸಾನ್ವಿಯ ಅಂಕ ಇಳಿಯಿತು. ಆಮೇಲೆ ಏರಲೇ ಇಲ್ಲ. ಪ್ಲಾಸ್ಟರುಗಳು ಮುಗಿದು, ವರ್ಷಗಟ್ಟಲೆ ರಾತ್ರಿ ನಡುವೆ ಕಂಬಿ ಕೂಡಿಸಿದ ಜೋಡಿ ಬೂಟು ಹಾಕಿ ಮಲಗುವುದೂ ಮುಗಿಯಿತು. ಈಗ ಆಗಾಗ ತೋರಿಸಿ ಬಂದರೆ ಸಾಕು.

ನಿನ್ನೆ ಹೋಗಿದ್ದೆವು. ಸಾನ್ವಿಗೆ ಈಗ ಐದು. ಕುಕ್ಕರಗಾಲಲ್ಲಿ ಕೂರು ಎಂದು ಹೇಳಿ ಡಾಕ್ಟರು ಅವಳ ಬಲ ಹಿಮ್ಮಡಿಯಡಿ ಬೆರಳು ತೂರಿಸಲು ನೋಡಿದರು. ತೂರಲಿಲ್ಲ; ಹಿಮ್ಮಡಿ ಪೂರ್ತಿ ನೆಲಕ್ಕೆ ಊರಿತ್ತು. "ಹೋಗು, ಓಡು," ಎಂದರು. ಅವಳು ಮೊದಲೇ ಓಡಿಯಾಗಿತ್ತು; ಅಕ್ಕ ಕಣ್ಣೊರೆಸಿಕೊಳ್ಳುತ್ತಾ ಹಿಂದೆ ಓಡಿದಳು.

ಉಳಿದಿರುವುದು ಒಂದೇ ವ್ಯತ್ಯಾಸ: ಬಲಪಾದ ಒಂದು ಅಳತೆ ಚಿಕ್ಕದು. ಹಾಗಾಗಿ ಶಾಲೆಯ ಶೂ ಎರಡು ಅಳತೆಯಲ್ಲಿ ಎರಡು ಜೊತೆ ಕೊಂಡು, ಪ್ರತಿ ಜೊತೆಯಿಂದ ಒಂದೊಂದು ಬಳಸುತ್ತೇವೆ. ಮಿಕ್ಕ ಎರಡು ಹೊಸದಾಗಿಯೇ ಇವೆ: ಎಡದ್ದು ಹತ್ತು, ಬಲದ್ದು ಹನ್ನೊಂದು. ಸುಳ್ಯ, ಕಡಬ, ಪುತ್ತೂರು, ಎಲ್ಲೇ ಆಗಲಿ, ಎಡಪಾದ ಚಿಕ್ಕದಿರುವ ಈ ಅಳತೆಯ ಮಗು ನಿಮಗೆ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಶೂಗಳನ್ನು ಒರೆಸಿ ಇಟ್ಟಿದ್ದೇನೆ.