ಬೈಯದೆ ಕಳಿಸಿದ ಮೇಷ್ಟ್ರು

ಚೆನ್ನಾಗಿ ಕಲಿಸುವ ಶಿಕ್ಷಕರಿಗೆ ಪ್ರೋತ್ಸಾಹಧನ ಕೊಡಲೇಬೇಕು ಎಂದು ನಮ್ಮ ಸಮಿತಿಯಲ್ಲಿ ನನಗಿಂತ ಗಟ್ಟಿಯಾಗಿ ವಾದಿಸಿದವರು ಒಬ್ಬ ಮೇಷ್ಟ್ರು. ಹರಿಯಬ್ಬೆ ಕಡೆಯ ಸಣ್ಣ ಹಳ್ಳಿಯೊಂದರ ಪ್ರಾಥಮಿಕ ಶಾಲೆ ಅವರದು. ಹಿರಿಯೂರು ತಾಲ್ಲೂಕಿನ ಶಿಕ್ಷಕರ ಪರವಾಗಿ ಬಂದಿದ್ದರು.

“ಪಾಠ ಮಾಡಿದೋನಿಗೂ ಅಷ್ಟೇ ಸಂಬಳ, ಕುರ್ಚಿ ಬಿಸಿ ಮಾಡಿದೋನಿಗೂ ಅಷ್ಟೇ ಸಂಬಳ. ಕುರ್ಚಿಗಾದ್ರೂ ಬೇಜಾರಾಗಲ್ವಾ ಮೇಡಂ?” ಎಂದು ಚಿತ್ರದುರ್ಗದ ಮೊದಲ ಸಭೆಯಲ್ಲೇ ಕೇಳಿದರು. ಎಲ್ಲರೂ ನಕ್ಕರು. ಯೋಜನೆಯ ಕರಡು ಬರೆಯುವ ಹೊಣೆ ನನ್ನದಾಗಿತ್ತು. ಅದನ್ನು ಯಾರಿಗಾಗಿ ಬರೆಯಬೇಕು ಎಂಬುದು ಆ ನಗುವಿನ ನಡುವೆ ನನಗೆ ಸ್ಪಷ್ಟವಾಯಿತು.

ನಾಲ್ಕು ತಾಲ್ಲೂಕುಗಳ ಕೆಲವು ಶಾಲೆಗಳಿಗೆ ಸಂಬಳದ ಮೇಲೆ ಪ್ರೋತ್ಸಾಹಧನ ಕೊಡಲು ಒಂದು ಟ್ರಸ್ಟ್ ಮುಂದೆ ಬಂದಿತ್ತು. ಯಾವ ಸಾಧನೆಗೆ, ಹೇಗೆ ಎಂಬುದನ್ನು ನಾವು ಹೇಳಬೇಕಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡನ್ನೂ ಮಾತಾಡಿ ಬೆಳೆದವಳು ನಾನು. ಎರಡೂ ಪಕ್ಷಗಳನ್ನು ಪೂರ್ತಿಯಾಗಿ ಮಂಡಿಸಿದರೆ ನ್ಯಾಯ ತಾನಾಗಿ ಹೊರಬರುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು. ಹೊಸದುರ್ಗದ ಸಭೆಯಲ್ಲಿ ಅಂಕಗಳನ್ನು ಅಳತೆಯಾಗಿಸುವ ಸಲಹೆ ಬಿದ್ದುಹೋಯಿತು. ಭೀಮಸಮುದ್ರದ ಅಡಿಕೆ ವ್ಯಾಪಾರಿಗಳ ಮಕ್ಕಳಿಗೆ ಮನೆಪಾಠವಿದೆ. ಕುರಿ ಕಾಯುವವರ ಮಕ್ಕಳಿಗೆ ಏನಿದೆ? ಆದ್ದರಿಂದ ವರ್ಷದ ಆರಂಭದಿಂದ ಕೊನೆಗೆ ಮಗು ಎಷ್ಟು ಮುಂದೆ ಬಂತು ಎಂಬುದನ್ನೇ ಅಳೆಯಬೇಕೆಂದಾಯಿತು. ಬಂದ ಹಣವನ್ನು ಶಾಲೆಯ ಶಿಕ್ಷಕರೆಲ್ಲ ಸಮನಾಗಿ ಹಂಚಿಕೊಳ್ಳಬೇಕು, ಒಬ್ಬರ ಮೇಲೊಬ್ಬರಿಗೆ ಹೊಟ್ಟೆಕಿಚ್ಚು ಬರಬಾರದು.

ಉಳಿದದ್ದು ಒಂದೇ ತೊಡಕು. ಮೇಷ್ಟ್ರ ಊರಿನ ಕುರಿಗಾರರು ದೀಪಾವಳಿ ಕಳೆದ ಮೇಲೆ ಮಂದೆಯೊಂದಿಗೆ ಹೊರಡುತ್ತಾರೆ. ಗೊಬ್ಬರಕ್ಕಾಗಿ ಕಂಡವರ ಹೊಲದಲ್ಲಿ ಕುರಿ ನಿಲ್ಲಿಸುತ್ತ, ಮಳೆ ಬೀಳುವ ಹೊತ್ತಿಗೆ ಹಿಂತಿರುಗುತ್ತಾರೆ. ಜೊತೆಗೆ ಹೋದ ಮಕ್ಕಳು ಕೊನೆಯ ಪರೀಕ್ಷೆಗೆ ಇರುವುದಿಲ್ಲ. ಅವರಿಗೆ ಸೊನ್ನೆ ಕೊಟ್ಟರೆ ಇಂಥ ಊರುಗಳ ಶಿಕ್ಷಕರಿಗೆ ದಂಡ ವಿಧಿಸಿದಂತೆ. ನಮ್ಮ ಅಧ್ಯಕ್ಷರು ನಿವೃತ್ತ ಅಧಿಕಾರಿ. “ಊರಲ್ಲೇ ಇಲ್ಲದ ಮಗೂನ ಮೇಷ್ಟ್ರ ತಲೆಗೆ ಕಟ್ಟಬಾರದು” ಎಂದರು. ಮಂದೆಯೊಂದಿಗೆ ಪೂರ್ತಿಯಾಗಿ ಹೊರಟುಹೋದ ಮಕ್ಕಳನ್ನು ಲೆಕ್ಕದಿಂದ ಕೈಬಿಡುವ ನಿಯಮವನ್ನು ನಾನು ಬರೆದೆ. ಹೊಳಲ್ಕೆರೆಯ ಸಭೆ ಅದನ್ನು ಒಪ್ಪಿತು. ಮೇಷ್ಟ್ರು ಮೇಜು ತಟ್ಟಿದರು.

ಆ ಮಳೆಗಾಲದಲ್ಲಿ ಅವರ ಶಾಲೆಗೆ ಹೋದಾಗ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದಳು. ಒತ್ತಕ್ಷರ ಬಂದಲ್ಲೆಲ್ಲ ಬೆರಳು ನಿಲ್ಲುತ್ತಿತ್ತು, ತುಟಿ ಅಲುಗುತ್ತಿತ್ತು, ಆಮೇಲೆ ಬೆರಳು ಮುಂದೆ ಸರಿಯುತ್ತಿತ್ತು. ಕುರಿಗಾರರ ಮಗಳು.

“ಭಾಳ ನಿಧಾನ ಮೇಡಂ. ಈ ಒಂದು ವರ್ಷ ಪೂರ್ತಿ ಕೂತ್ರೆ ಓದು ಕೈಗೆ ಸಿಗ್ತೈತೆ. ಇಲ್ದಿದ್ರೆ ಇಲ್ಲ” ಎಂದರು ಮೇಷ್ಟ್ರು.

“ದೀಪಾವಳಿ ಆದ ಮೇಲೆ?”

“ಅವರಪ್ಪ ಬಂದು ಗೇಟಿನ ಹತ್ರ ನಿಂತ್ಕಂತಾನೆ. ನಾನು ಊರಿಗೆಲ್ಲ ಕೇಳಂಗೆ ಬೈತೀನಿ. ಕೊನೆಗೆ ಹುಡುಗೀನ ಅಜ್ಜಿ ಹತ್ರ ಬಿಟ್ಟು ಹೋಗ್ತಾನೆ. ವರ್ಷಾ ವರ್ಷ ಇದೇ ಜಗಳ. ಗೆಲ್ಲೋನು ನಾನೇ.”

ಸುಗ್ಗಿ ಮುಗಿದ ಮೇಲೆ ಮತ್ತೆ ಹೋದೆ. ಹುಡುಗಿ ಇರಲಿಲ್ಲ. ಅವಳ ತಂದೆ ಬಂದಿರಲಿಲ್ಲವೇ ಎಂದು ಕೇಳಿದೆ.

“ಬಂದಿದ್ದ. ಹೋಗಿ ಬಾರಪ್ಪ ಅಂದೆ.” ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಅಜ್ಜಿ ಹತ್ರ ಬಿಟ್ರೂ ಆಗಾಗ ಮಂದೆ ಕಡೆ ಓಡ್ತಾಳೆ, ಕಲ್ತಿದ್ದು ಮರೀತಾಳೆ. ಅರೆಬರೆ ಬಂದ್ರೆ ಲೆಕ್ಕಕ್ಕೆ ಸೇರ್ತಾಳೆ, ಶಾಲೆ ಕೆಳಗಿಳೀತೈತೆ. ಪೂರ್ತಿ ಹೋದ್ರೆ ಲೆಕ್ಕದಾಗೇ ಇಲ್ಲ. ನನ್ನೊಬ್ಬನ ಪಾಲಿನ ದುಡ್ಡಾಗಿದ್ರೆ ಬಿಟ್ಟುಬಿಡ್ತಿದ್ದೆ. ಜೊತೆಗಿರೋ ಟೀಚರುಗಳು, ಸಾರ್ ಈ ವರ್ಷ ಜಗಳಕ್ಕೆ ಹೋಗ್ಬೇಡ್ರಿ ಅಂದ್ರು. ನಿಯಮ ನಾವೇ ಕೂತು ಮಾಡಿದ್ದಲ್ವಾ ಮೇಡಂ.”

ಮಂದೆ ಬಬ್ಬೂರಿನಾಚೆ ಒಂದು ಹೊಲದಲ್ಲಿದೆಯೆಂದು ತಿಳಿದು ಅಲ್ಲಿಗೆ ಹೋದೆ. ಹುಡುಗಿಯ ತಂದೆ ಕಂಬಳಿ ಹಾಸಿದ. “ಬರ್ರಿ ಮೇಡಮ್ಮೋರೆ, ಕುಂತ್ಕಳ್ರಿ.”

ಮಗಳು ಶಾಲೆಯಲ್ಲಿರಬೇಕಿತ್ತು ಎಂದೆ.

“ನಾನೂ ಅದ್ನೇ ಅನ್ನೋದು” ಎಂದ.

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಹಾಗಾದರೆ ಯಾಕೆ ಕರೆತಂದೆ ಎಂದು ಕೇಳಿದೆ.

“ಮನೆಗೆ ನಮ್ಮಣ್ಣ ಹಿರೇನು. ಮರಿ ನೋಡ್ಕಳಾಕೆ ಒಬ್ರು ಬೇಕು ಅಂತಾನೆ. ಅವನಿಗೆ ನಾನು ಎದುರಾಡಂಗಿಲ್ಲ. ವರ್ಷಾ ವರ್ಷ ಮೇಷ್ಟ್ರು ಬೈತಿದ್ರಲ್ಲ, ಏನ್ ಮಾಡಾಣ, ಮೇಷ್ಟ್ರು ಬಿಡಲ್ಲ ಅಂತಿದ್ದೆ. ಅಣ್ಣ ಅವರನ್ನ ಬೈಕಂಡು ಸುಮ್ನಾಗ್ತಿದ್ದ. ಈ ಸಲಾನೂ ಬೈಸ್ಕಳಾಕೆ ಅಂತ್ಲೇ ಹೋಗಿದ್ದೆ. ಅಣ್ಣನೂ ಪಕ್ಕದಾಗೇ ನಿಂತಿದ್ದ. ಮೇಷ್ಟ್ರು ನಕ್ಕೊಂತ ಹೋಗಿ ಬಾರಪ್ಪ ಅಂದ್ಬಿಟ್ರು.”

ಅಷ್ಟರಲ್ಲಿ ಅಣ್ಣನೇ ಬಂದ. ಅವನೆದುರು ನಾನು ವಾದ ಹೂಡಿದೆ: ಓದು, ಮುಂದಿನ ಬದುಕು, ಈ ಒಂದು ವರ್ಷದ ಮಹತ್ವ. ಅವನು ಕೋಲಿನ ಮೇಲೆ ಗದ್ದ ಊರಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದ.

“ಕಲ್ಸೋ ಮೇಷ್ಟ್ರೇ ಹೋಗು ಅಂದ್ಮ್ಯಾಲೆ ನಿಮ್ದೇನೈತಮ್ಮ?” ಎಂದ. ತಮ್ಮನ ಕಡೆ ತಿರುಗಿ, “ಲೇ, ಅಮ್ಮಾರಿಗೆ ಹಾಲು ಕಾಸ್ಕೊಡು” ಎಂದು ಕುರಿಗಳತ್ತ ನಡೆದ. ಹುಡುಗಿ ದೂರದಲ್ಲಿ ಒಂದು ಮರಿಯನ್ನು ಎತ್ತಿಕೊಂಡು ನಿಂತಿದ್ದಳು. ನಾನು ಹಾಲು ಕುಡಿದು ಹೊರಟೆ.

ವರ್ಷದ ಕೊನೆಗೆ ಮೇಷ್ಟ್ರ ಶಾಲೆ ಪ್ರೋತ್ಸಾಹಧನಕ್ಕೆ ಆಯ್ಕೆಯಾಯಿತು. ಮುಂದಿನ ಸಭೆಯಲ್ಲಿ ನಿಯಮ ಬದಲಿಸಬೇಕೆಂದು ನಾನು ಮಂಡಿಸಿದೆ: ದಾಖಲಾದ ಪ್ರತಿ ಮಗುವೂ ಲೆಕ್ಕಕ್ಕೆ ಬರಬೇಕು, ಊರಲ್ಲಿ ಉಳಿಸಿಕೊಂಡ ಶ್ರಮಕ್ಕೂ ಮನ್ನಣೆ ಸಿಗಬೇಕು. ಮೇಷ್ಟ್ರು ತಗ್ಗಿದ ದನಿಯಲ್ಲಿ ಅನುಮೋದಿಸಿದರು. ವಿರೋಧವೇ ಇರಲಿಲ್ಲ. ಇಷ್ಟು ಸುಲಭವಾಗಿ ನಾನು ಯಾವ ವಾದವನ್ನೂ ಗೆದ್ದವಳಲ್ಲ.

ಮಳೆಗಾಲದಲ್ಲಿ ಊರಿಗೆ ಮರಳಿದ ಹುಡುಗಿ ಐದನೇ ತರಗತಿಯಲ್ಲಿ ಕೂತಳಂತೆ. ಅವಳ ಬೆರಳು ಈಗ ಸರಳ ಪದಗಳ ಕೆಳಗೂ ನಿಲ್ಲುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ದೀಪಾವಳಿಯ ನಂತರ ಒಂದು ಬೆಳಿಗ್ಗೆ ಅವರ ಫೋನು ಬಂತು.

“ಈ ಸಲ ಬೈಯಾಕೆ ತಯಾರಾಗಿ ದಿನಾ ಗೇಟಿನ ಹತ್ರ ನಿಂತಿದ್ದೆ ಮೇಡಂ.”

“ಏನೆಂದ ಅವಳಪ್ಪ?”

“ಅವನು ಬರ್ಲೇ ಇಲ್ಲ. ಹೋದ ವರ್ಷ ಹೋಗು ಅಂದೋರನ್ನ ಮತ್ತೇನ್ ಕೇಳೋದು ಅಂದ್ನಂತೆ ಅವರಣ್ಣ. ಮಂದೆ ನಿನ್ನೇನೇ ಹೊಂಟೋಗೈತೆ, ಹುಡುಗೀನೂ ಜೊತೆಗೇ.”

ಯಾವ ದಿಕ್ಕಿಗೆ ಎಂದು ಕೇಳಿದೆ. ಊರಲ್ಲಿ ಯಾರೂ ಸರಿಯಾಗಿ ಹೇಳುತ್ತಿಲ್ಲ ಎಂದರು. ಶಾಲೆಯ ಗಂಟೆ ಹೊಡೆದ ಮೇಲೆ, “ತರಗತಿಗೆ ಹೋಗ್ತೀನಿ” ಎಂದರು.