ಹುಂಜನ ಎದುರು ಸ್ಟೀಲಿನ ಗುರಾಣಿ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೈಕಂಪಾಡಿಯ ಒಂದು ವರ್ಕ್‌ಶಾಪಿಗೆ ಸೇರಿದವನು ನಾನು. ಈಗ ಅಲ್ಲೇ ನನ್ನದೇ ಶೆಡ್ಡು ಇದೆ. ನಾನು ಮಾಡಿಕೊಟ್ಟ ಗೇಟು, ಗ್ರಿಲ್ಲು, ರೇಲಿಂಗುಗಳಲ್ಲಿ ಒಂದೂ ಇದುವರೆಗೆ ರಿಪೇರಿಗೆ ವಾಪಸು ಬಂದಿಲ್ಲ. ಇಂಥ ನನ್ನನ್ನು ಹೋದ ವರ್ಷ ಎರಡು ಕಿಲೋ ತೂಕದ ಒಂದು ಹುಂಜ ನನ್ನದೇ ಹಿತ್ತಲಿನಲ್ಲಿ ಒಂದು ತಿಂಗಳು ಓಡಾಡಿಸಿತು.

ನಮ್ಮ ಮನೆ ಕೂಳೂರಿನಲ್ಲಿ, ಸೇತುವೆಯಿಂದ ಸ್ವಲ್ಪ ಒಳಗೆ. ಹಿತ್ತಲಿನಲ್ಲಿ ಹೆಂಡತಿಯ ಐದು ಹೇಂಟೆಗಳಿವೆ. ಅದರಲ್ಲೊಂದು ಕಾವು ಕೂತು ಮಾಡಿದ ಏಳು ಮರಿಗಳಲ್ಲಿ ಆರನ್ನು ಗಿಡುಗವೂ ಮುಂಗುಸಿಯೂ ಪಾಲು ಮಾಡಿಕೊಂಡವು. ಉಳಿದವನು ಇವನೊಬ್ಬ. ಹೆಂಡತಿ ಇವನನ್ನು ಅಡುಗೆಮನೆಯಲ್ಲಿ ಬುಟ್ಟಿಯಡಿ ಇಟ್ಟು, ಅನ್ನದ ಅಗುಳು ತಿನ್ನಿಸಿ ದೊಡ್ಡ ಮಾಡಿದಳು. ಅವಳ ಲೆಕ್ಕದಲ್ಲಿ ಅವನು ಕೋಳಿಯೇ ಅಲ್ಲ.

ಕೂಗಲು ಕಲಿತ ವಾರವೇ ಅವನಿಗೆ ಹಿತ್ತಲು ತನ್ನದು ಅನ್ನಿಸಿರಬೇಕು. ನನ್ನ ಸ್ಕೂಟರ್ ನಿಲ್ಲುವುದೂ ಅಲ್ಲೇ. ಒಂದು ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಹೋಗುತ್ತಿದ್ದೆ, ಹಿಂದಿನಿಂದ ಮೀನಖಂಡಕ್ಕೆ ಏನೋ ಹೊಡೆಯಿತು. ತಿರುಗಿದರೆ ಇವನು, ಕತ್ತಿನ ಗರಿ ಕೊಡೆಯಂತೆ ಬಿಡಿಸಿ ಎರಡನೇ ಸಲ ಹಾರಲು ರೆಡಿ. ನಾನು ಓಡಿದೆ. ಓಡಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಕಂಪೌಂಡ್ ಗೋಡೆಯಾಚೆ ಕಾಕ ನಿಂತಿದ್ದರು. ಪಕ್ಕದ ಮನೆಯ ಬ್ಯಾರಿ ಕಾಕ. ಉರ್ವ ಮಾರ್ಕೆಟಿನಲ್ಲಿ ಅಂಗಡಿ, ಮನೆಯಲ್ಲಿ ಕೋಳಿ ಸಾಕಣೆ.

"ಎಂತ ಮಾರಾಯ, ಎಲ್ಲಿಗೆ ಇಷ್ಟು ಅರ್ಜೆಂಟು?"

"ಕೆಲಸಕ್ಕೆ ಲೇಟಾಯ್ತು ಕಾಕ."

"ಸ್ಕೂಟರ್ ಆಚೆ ಉಂಟಲ್ಲ? ನೀನು ಓಡಿದ್ದು ಈಚೆ!" ಎಂದು ನಕ್ಕು, "ಅವನನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ನಾಲ್ಕು ಸುತ್ತು ನಡಿ. ಎತ್ತಿದವನೇ ದೊಡ್ಡವ ಅಂತ ಅವನಿಗೆ ಗೊತ್ತಾಗ್ತದೆ" ಎಂದರು.

ಕಬ್ಬಿಣ ಬಗ್ಗಿಸುವವನು ಕೋಳಿ ಎತ್ತಿಕೊಂಡು ತಿರುಗುವುದೇ? ಕೇಳದವನಂತೆ ಹೋದೆ.

ತಿಂಗಳಾಗುವಾಗ ಎರಡು ಪ್ಯಾಂಟ್ ಹರಿದಿತ್ತು. ಒಂದು ಮಂಗಳವಾರ ಕಾಲಲ್ಲಿ ರಕ್ತವೂ ಬಂತು. "ಆದಿತ್ಯವಾರ ಇವನದ್ದೇ ಸಾರು. ರೊಟ್ಟಿ ಪ್ಯಾಕೆಟ್ ನಾನು ತರ್ತೇನೆ" ಎಂದು ಕಾಕನಿಗೂ ಕೇಳುವ ಹಾಗೆ ಹೇಳಿಬಿಟ್ಟೆ.

ಹೆಂಡತಿ ಕೇಳಿಸಿಕೊಂಡು ಒಳಗೆ ಹೋದಳು. ರಾತ್ರಿ ಊಟಕ್ಕೆ ಗಂಜಿ, ಉಪ್ಪಿನಕಾಯಿ. ಮನೆಯಲ್ಲಿ ಬಂಗುಡೆ ಮೀನು ಹುರಿದ ವಾಸನೆಯಂತೂ ಇತ್ತು.

"ಹೆದರಿಕೆ ಆಗ್ತದೆ ಅಂತ ಹೇಳಿ. ನಿಮಗೆ ಹೆದರಿಕೆ ಆದ್ರೆ ಅವನನ್ನು ಯಾಕೆ ಕೊಲ್ಲುದು?" ಎಂದಳು.

"ಹೆದರಿಕೆಯಾ? ನನಗಾ?"

"ಹಾಗಾದ್ರೆ ಆದಿತ್ಯವಾರದ ಒಳಗೆ ಅವನನ್ನು ಸರಿ ಮಾಡಿ ತೋರಿಸಿ."

"ಸರಿ ಆದ್ರೆ ಅವನನ್ನು ಬಿಡ್ತೇನೆ" ಎಂದೆ. ಅವಳ ಕಣ್ಣು ಒದ್ದೆಯಾಗಿತ್ತು. ತಮಾಷೆ ಅಲ್ಲ ಎಂದು ಆಗ ಗೊತ್ತಾಯಿತು.

ಬುಧವಾರ ಶೆಡ್ಡಿನಲ್ಲಿ ಉಳಿದಿದ್ದ ಸ್ಟೀಲ್ ಶೀಟನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಹಿಡಿ ವೆಲ್ಡ್ ಮಾಡಿ, ಅಂಚು ತಿಕ್ಕಿ ಗುರಾಣಿ ಮಾಡಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಆದರೆ ಮಂಕು ಸ್ಟೀಲು ನನ್ನ ಶೆಡ್ಡಿನಿಂದ ಹೊರಗೆ ಹೋದದ್ದಿಲ್ಲ. ಒಂದು ಗಂಟೆ ಬಫಿಂಗ್ ಮಾಡಿದೆ. ಕೊನೆಗೆ ಅದರಲ್ಲಿ ನನ್ನ ಮೀಸೆಯ ಬಿಳಿ ಕೂದಲು ಎಣಿಸಬಹುದಿತ್ತು.

ಗುರುವಾರ ಬೆಳಿಗ್ಗೆ ಅದನ್ನು ಹಿಡಿದು ಹಿತ್ತಲಿಗೆ ಇಳಿದೆ. ಗೋಡೆಯಾಚೆ ಕಾಕ ಹಾಜರು. ಹುಂಜ ಹಿಂದಿನಿಂದ ಬಂದ. ತಿರುಗಿ ಗುರಾಣಿ ಅಡ್ಡ ಹಿಡಿದೆ. ಅವನು ನಿಂತುಬಿಟ್ಟ. ನಾನು ಕಾಕನ ಕಡೆ ನೋಡಿ ಮೀಸೆ ಮುಟ್ಟಿಕೊಂಡೆ.

ನಿಂತದ್ದು ಹೆದರಿ ಅಲ್ಲ. ತನ್ನ ಐದು ಹೇಂಟೆಗಳ ನಡುವೆ ತನ್ನಷ್ಟೇ ಎತ್ತರದ ಇನ್ನೊಂದು ಹುಂಜವನ್ನು ಅವನು ಮೊದಲ ಸಲ ನೋಡುತ್ತಿದ್ದ. ಇಷ್ಟು ದಿನ ನನ್ನೊಡನೆ ಮಾಡಿದ್ದೆಲ್ಲ ಬರೀ ಆಟ ಎಂದು ಆಮೇಲೆ ತಿಳಿಯಿತು. ಢಣ್! ಢಣ್! ಮೂರನೇ ಏಟಿಗೆ ಗುರಾಣಿ ಕೈಯಿಂದ ಜಾರಿತು, ನಾನು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ.

"ಎಂತ ಪಾಲಿಶ್ ಮಾರಾಯ! ಗಡ್ಡ ತೆಗೀಬಹುದು!" ಕಾಕ ಗೋಡೆ ಹಿಡಿದುಕೊಂಡು ನಗುತ್ತಿದ್ದರು. ಹುಂಜ ಬಿದ್ದ ಸ್ಟೀಲಿನ ಮೇಲೆ ಹತ್ತಿ ತನ್ನ ಬಿಂಬವನ್ನೇ ಕುಕ್ಕುತ್ತಿದ್ದ. ನನಗೆ ಬೆನ್ನು ಹಾಕಿದ್ದು ಆ ತಿಂಗಳಲ್ಲಿ ಅದೇ ಮೊದಲು.

"ಈಗ ಹಿಡಿ!" ಕಾಕ ಕೂಗಿದರು.

ಹಿಡಿದೆ. ರೆಕ್ಕೆ ಒತ್ತಿ ಕಂಕುಳಿಗೆ ಸೇರಿಸಿದೆ. ಅಷ್ಟು ಗಲಾಟೆ ಮಾಡಿದವನ ಎದೆ ನನ್ನ ಕೈಯೊಳಗೆ ಡಬಡಬ ಬಡಿದುಕೊಳ್ಳುತ್ತಿತ್ತು. ಬಾವಿಗೆ ಸುತ್ತು ಬಂದೆ, ಕಾಕ ಎಣಿಸಿದರು. ಮೂರನೇ ಸುತ್ತಿಗೆ ಅವನ ಕಣ್ಣು ಮುಚ್ಚಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಆ ರಾತ್ರಿ ತಟ್ಟೆಗೆ ಬಂಗುಡೆ ಬಂತು.

ಶುಕ್ರವಾರ, ಶನಿವಾರ, ಬೆಳಿಗ್ಗೆ ಸಂಜೆ ಅದೇ ಮೆರವಣಿಗೆ. ಆದಿತ್ಯವಾರ ಲುಂಗಿ ಎತ್ತಿ ಕಟ್ಟಿ, ಬರಿಗಾಲಲ್ಲಿ ಸ್ಕೂಟರಿನವರೆಗೆ ನಡೆದೆ. ಅವನು ತಲೆಯೆತ್ತಿ ನನ್ನನ್ನು ನೋಡಿದ, ಮತ್ತೆ ಮಣ್ಣು ಕೆದಕತೊಡಗಿದ. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು.

ರೊಟ್ಟಿ ಮೊದಲೇ ತಂದಾಗಿತ್ತು. ಉರ್ವಕ್ಕೆ ಹೋಗಿ ಬ್ರಾಯ್ಲರ್ ಮಾಂಸ ತಂದೆ. ಸ್ಕೂಟರನ್ನು ರಸ್ತೆಯಲ್ಲೇ ನಿಲ್ಲಿಸಿ, ಎಂದೂ ಇಲ್ಲದ ಹಾಗೆ ಮುಂಬಾಗಿಲಿನಿಂದ ಒಳಗೆ ಬಂದೆ.

"ಎಂತ, ಇನ್ನೂ ಹೆದರಿಕೆಯಾ?" ಎಂದಳು ಹೆಂಡತಿ.

"ಹೆದರಿಕೆ ಅಲ್ಲ," ಎಂದು ಮಾಂಸದ ತೊಟ್ಟೆಯನ್ನು ಅವಳ ಕೈಗಿಟ್ಟೆ, "ಇದು ಅವನು ನೋಡುದು ಬೇಡ."